ಮೂಳೆಯ ಜಾಗದಲ್ಲಿ ಪಿಂಗಾಣಿ, ಪಿಂಗಾಣಿಯೊಳಗೆ ಔಷಧಿ

ಕೇಳುಗರೇ, ನಮಸ್ಕಾರ.

ಸೀಮೆಸುಣ್ಣದ ತುಂಡನ್ನು ನೀರಿಗೆ ಹಾಕಿ ನೋಡಿದ್ದೀರಾ? ಬುಳುಬುಳು ಅಂತ ಗುಳ್ಳೆ ಏಳುತ್ತವೆ. ಒಳಗಿನ ತೂತುಗಳಿಂದ ಗಾಳಿ ಹೊರಗೆ ಬರುತ್ತದೆ, ಆ ಜಾಗಕ್ಕೆ ನೀರು ಹೋಗಿ ಕೂರುತ್ತದೆ. ಇವತ್ತಿನ ಮಾತೂ ಇದೇ. ಸೀಮೆಸುಣ್ಣದ ಬದಲು ಮೂಳೆಯಂಥ ಪಿಂಗಾಣಿ, ನೀರಿನ ಬದಲು ಕ್ಯಾನ್ಸರ್ ಔಷಧಿ.

ಆಸ್ಟಿಯೋಸಾರ್ಕೋಮಾ ಅನ್ನುವುದು ಮೂಳೆಯಲ್ಲೇ ಹುಟ್ಟುವ ಕ್ಯಾನ್ಸರ್. ಹದಿಹರೆಯದವರಲ್ಲಿ ಜಾಸ್ತಿ, ಅದರಲ್ಲೂ ಮೊಣಕಾಲಿನ ಆಸುಪಾಸು. ಗಡ್ಡೆ ಇರುವ ಮೂಳೆ ತೆಗೆಯುತ್ತಾರೆ, ಅದಕ್ಕೆ ಮೊದಲೂ ಆಮೇಲೂ ಕೀಮೋ ಕೊಡುತ್ತಾರೆ. ಆ ಔಷಧಿ ರಕ್ತದ ಜೊತೆ ಮೈಯೆಲ್ಲಾ ಸುತ್ತುತ್ತದೆ. ಡಾಕ್ಸೊರುಬಿಸಿನ್ ಅನ್ನುವ ಕೀಮೋ ಔಷಧಿ ಹೃದಯಕ್ಕೆ ತೊಂದರೆ ಮಾಡಬಹುದು. ಸಿಸ್ಪ್ಲಾಟಿನ್ ಅನ್ನುವ ಇನ್ನೊಂದು ಕಿಡ್ನಿಗೆ, ಕಿವಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಅಲ್ವಾ?

ಮೂಳೆ ತೆಗೆದ ಜಾಗ ಹೇಗೂ ಖಾಲಿ. ಏನನ್ನಾದರೂ ತುಂಬಲೇಬೇಕು. ತುಂಬುವುದರೊಳಗೇ ಔಷಧಿ ಇಟ್ಟರೆ?

ಪಿಂಗಾಣಿ ಅಂದಕೂಡಲೇ ಬಟ್ಟಲು ನೆನೆಯಬೇಡಿ. ಇದು ಹೈಡ್ರಾಕ್ಸಿಅಪಟೈಟ್, ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿದ್ದು. ನಮ್ಮ ಮೂಳೆಯ ಗಟ್ಟಿ ಭಾಗವೂ ಹೆಚ್ಚುಕಡಿಮೆ ಇದೇ. ಮಾಡುವ ಒಂದು ವಿಧಾನ ನನಗೆ ಬಹಳ ಇಷ್ಟ. ಸ್ಪಂಜಿನ ತುಂಡನ್ನು ಇದರ ಬಗ್ಗಡದಲ್ಲಿ ಅದ್ದಿ, ಹಿಂಡಿ, ಒಣಗಿಸಿ, 1000 ಡಿಗ್ರಿಗೂ ಮೇಲಿನ ಶಾಖದಲ್ಲಿ ಸುಡುತ್ತಾರೆ. ಸ್ಪಂಜು ಉರಿದು ಹೋಗುತ್ತದೆ, ಅದರ ಆಕಾರ ಮಾತ್ರ ಕಲ್ಲಾಗಿ ಉಳಿಯುತ್ತದೆ. ತೂತುಗಳು 100 ಮೈಕ್ರಾನ್‌ಗಿಂತ ದೊಡ್ಡದಿರಬೇಕು, ಅಂದರೆ ಒಂದು ತಲೆಗೂದಲಿನ ದಪ್ಪಕ್ಕಿಂತ ಜಾಸ್ತಿ. ಆಗ ಹೊಸ ಮೂಳೆ ಒಳಗೆ ನುಗ್ಗಿ ಬೆಳೆಯುತ್ತದೆ. ರಕ್ತನಾಳಗಳಿಗೆ 300 ಇದ್ದರೆ ಇನ್ನೂ ಒಳ್ಳೆಯದು.

ಔಷಧಿ ತುಂಬುವುದು ಸುಲಭ. ದ್ರಾವಣದಲ್ಲಿ ಮುಳುಗಿಸಿ, ಪಂಪಿನಿಂದ ಗಾಳಿ ಎಳೆದರೆ ಸಾಕು. ಕಷ್ಟ ಇರುವುದು ಹಿಡಿದಿಡುವುದರಲ್ಲಿ. ಸುಮ್ನೆ ಅದ್ದಿ ತೆಗೆದ ತುಂಡು ಒದ್ದೆ ಸ್ಪಂಜಿನ ಹಾಗೆ, ಹೆಚ್ಚಿನ ಔಷಧಿಯನ್ನು ಮೊದಲ ಒಂದೆರಡು ದಿನದಲ್ಲೇ ಸುರಿದುಬಿಡಬಹುದು. ವಾರಗಟ್ಟಲೆ ಜಿನುಗಬೇಕಾದದ್ದು! ಅದಕ್ಕೇ ಮೈಯಲ್ಲಿ ನಿಧಾನವಾಗಿ ಕರಗುವ ಪಾಲಿಮರ್ ಲೇಪ ಕೊಟ್ಟು ನೋಡುತ್ತಾರೆ. ತೂತಿನ ಗೋಡೆಯಲ್ಲೇ ಇನ್ನೂ ಸಣ್ಣ ತೂತು ಮಾಡುತ್ತಾರೆ.

ಇನ್ನೊಂದು ಪೇಚು ಇದೆ. ಕ್ಯಾನ್ಸರ್ ಕೋಶ ಕೊಲ್ಲುವ ಔಷಧಿ ಮೂಳೆ ಕಟ್ಟುವ ಕೋಶಗಳನ್ನೂ ಬಿಡುವುದಿಲ್ಲ. ಹೊಸ ಮೂಳೆ ಬರಲಿ ಅಂತ ತೂತು ಬಿಟ್ಟು, ಅದೇ ತೂತಿಗೆ ವಿಷ ತುಂಬಿದ ಹಾಗಾಯಿತು. ಮೊದಲು ಔಷಧಿ ಕೆಲಸ ಮುಗಿಸಿ ಖಾಲಿಯಾಗಬೇಕು, ಆಮೇಲೆ ಮೂಳೆ ಬರಬೇಕು. ಜೊತೆಗೆ, ತೂತು ಜಾಸ್ತಿಯಾದಷ್ಟೂ ತುಂಡು ಬೇಗ ಮುರಿಯುತ್ತದೆ. ಕಾಲಿನ ಭಾರ ಹೊರಲು ಲೋಹದ ಪಟ್ಟಿಯ ಆಸರೆ ಬೇಕೇ ಬೇಕು.

ಇದ್ದಲ್ಲೇ ಔಷಧಿ ಇಡುವುದು ಹೊಸದೇನಲ್ಲ. ಕೃತಕ ಕೀಲನ್ನು ಮೂಳೆಗೆ ಅಂಟಿಸುವ, ಆಂಟಿಬಯೋಟಿಕ್ ಬೆರೆಸಿದ ‘ಮೂಳೆ ಸಿಮೆಂಟ್’ 1970ರ ದಶಕದಿಂದ ಇದೆ. ಮಿದುಳಿನ ಗಡ್ಡೆ ತೆಗೆದ ಜಾಗದಲ್ಲಿ ಇಡುವ ಔಷಧಿ ಬಿಲ್ಲೆಗೆ ಅಮೆರಿಕದಲ್ಲಿ 1996ರಲ್ಲಿ ಒಪ್ಪಿಗೆ ಸಿಕ್ಕಿತು. ಕ್ಯಾನ್ಸರ್ ಔಷಧಿ ತುಂಬಿದ ಪಿಂಗಾಣಿಯ ಕೆಲಸ ಮಾತ್ರ ಹೆಚ್ಚಾಗಿ ಪ್ರಯೋಗಾಲಯದಲ್ಲಿ, ಪ್ರಾಣಿಗಳ ಮೇಲೆ ನಡೆದಿದೆ.

ಅದು ಬಂದರೂ ಕೀಮೋ ತಪ್ಪುವುದಿಲ್ಲ. ಈ ಕ್ಯಾನ್ಸರ್‌ನ ಕೋಶಗಳು ಎಷ್ಟೋ ಸಲ, ಗಡ್ಡೆ ಗೊತ್ತಾಗುವ ಹೊತ್ತಿಗೇ ಶ್ವಾಸಕೋಶ ಸೇರಿರುತ್ತವೆ. ಮೊಣಕಾಲಲ್ಲಿ ಕೂತ ಪಿಂಗಾಣಿ ಅಲ್ಲಿಯವರೆಗೆ ಕೈ ಚಾಚಲಾರದು.