ಸ್ತನದ ಸ್ಕ್ಯಾನಿಂಗ್: ಕ್ಯಾನ್ಸರ್‌ನಂತೆ ಕಾಣುವ ಸಾದಾ ಗಂಟುಗಳು

ಎಲ್ಲರಿಗೂ ನಮಸ್ಕಾರ. ಮೈಸೂರು, ಮಂಡ್ಯದ ಸ್ಕ್ಯಾನಿಂಗ್ ಕೋಣೆಗಳಲ್ಲಿ ದಿನಾ ಪ್ರೋಬ್ ಹಿಡಿಯುವವರೇ ಇಲ್ಲಿ ಹೆಚ್ಚಾಗಿ ಇದ್ದೀರಿ. ಪೀಠಿಕೆ ಬಿಟ್ಟು ವಿಷಯಕ್ಕೇ ಬರುತ್ತೇನೆ.

ಮುಳ್ಳುಮುಳ್ಳಾದ ಅಂಚು, ಅಗಲಕ್ಕಿಂತ ಹೆಚ್ಚಿನ ಎತ್ತರ, ಹಿಂದೆ ಕಪ್ಪು ನೆರಳು. ಇವು ಕಂಡರೆ ಬೈರಾಡ್ಸ್ 4 ಅಥವಾ 5 (ಕ್ಯಾನ್ಸರ್ ಶಂಕೆಯ ದರ್ಜೆ; 5 ಎಂದರೆ ಬಲವಾದ ಶಂಕೆ) ಎಂದು ಬರೆಯುತ್ತೇವೆ, ಬರೆಯಲೇಬೇಕು. ಆದರೆ ಆ ನೆರಳು ಬಂದದ್ದು ಎಲ್ಲಿಂದ? ಕ್ಯಾನ್ಸರ್ ಕೋಶಗಳಿಂದಲ್ಲ, ಬಹುಪಾಲು ಅವುಗಳ ಸುತ್ತ ಬೆಳೆಯುವ ನಾರಿನಿಂದ. ಕೊಲಾಜೆನ್ ಶಬ್ದದ ಅಲೆಯನ್ನು ಹೀರಿಬಿಡುತ್ತದೆ. ಅದೇ ನಾರು ಹಳೆಯ ಆಪರೇಷನ್ ಗಾಯದಲ್ಲೂ ಇದೆ, ಪೆಟ್ಟು ಬಿದ್ದು ಸತ್ತ ಕೊಬ್ಬಿನಲ್ಲೂ ಇದೆ. ಗಂಟುಗಳು ನಮ್ಮನ್ನು ಮೋಸಗೊಳಿಸುವುದು ಇದರಿಂದಲೇ. ಗಂಟು ಎಷ್ಟು ಗಟ್ಟಿ ಎಂದು ತೋರಿಸುವ ಎಲಾಸ್ಟೋಗ್ರಫಿ ಮಾಡಿದರೂ ನಾರು ಗಟ್ಟಿಯಾಗಿಯೇ ತೋರುತ್ತದೆ.

ಮೊದಲು ಸುಳ್ಳು ನೆರಳನ್ನು ಕಳೆಯಿರಿ. 12 ಮೆಗಾಹರ್ಟ್ಸ್ ಅಥವಾ ಅದಕ್ಕಿಂತ ಹೆಚ್ಚಿನ ಲೀನಿಯರ್ ಪ್ರೋಬ್ ಬೇಕು. ಸ್ತನದ ಹೊರಭಾಗ ನೋಡುವಾಗ ಆ ಕಡೆಯ ಭುಜದ ಕೆಳಗೆ ದಿಂಬು ಕೊಟ್ಟು, ಕೈಯನ್ನು ತಲೆಯ ಮೇಲಕ್ಕೆ ಇಡಿಸಿ. ಸ್ತನ ಹರಡಿ ತೆಳ್ಳಗಾಗುತ್ತದೆ. ಸ್ತನವನ್ನು ಹಿಡಿದಿಡುವ ನಾರುಪಟ್ಟಿಯಾದ ಕೂಪರ್ ಲಿಗಮೆಂಟಿನ ನೆರಳಾದರೆ ಪ್ರೋಬನ್ನು ಸ್ವಲ್ಪ ಒತ್ತಿ, ಕೋನ ಬದಲಿಸಿದೊಡನೆ ಮಾಯವಾಗುತ್ತದೆ. ನಿಜವಾದ ಗಂಟು ಒತ್ತಿದರೂ ಎರಡು ದಿಕ್ಕಿನಲ್ಲೂ ಉಳಿಯುತ್ತದೆ. ಹಲವು ಕೋನದ ಚಿತ್ರಗಳನ್ನು ಬೆರೆಸುವ ಕಾಂಪೌಂಡಿಂಗ್ ಆನ್ ಆಗಿದ್ದರೆ ನೆರಳು ಮಸುಕಾಗುತ್ತದೆ, ಅದನ್ನು ಒಮ್ಮೆ ಆಫ್ ಮಾಡಿಯೂ ನೋಡಿ.

ಆಮೇಲೆ ಬಾಯಿ ಬಿಟ್ಟು ಕೇಳಿ. "ಏನಮ್ಮ, ಎದೆಗೆ ಯಾವಾಗಲಾದ್ರೂ ಪೆಟ್ಟು ಬಿದ್ದಿತ್ತಾ?" ಅಂದರೆ "ಹಸು ಒದ್ದಿತ್ತು ಸಾರ್, ಹೋದ್ ವರ್ಷ" ಎಂಬ ಉತ್ತರ ಬರಬಹುದು. ಆ ಒಂದು ಮಾತು ಫ್ಯಾಟ್ ನೆಕ್ರೋಸಿಸ್, ಅಂದರೆ ಸತ್ತ ಕೊಬ್ಬಿನ ಕಡೆಗೆ ಬೆರಳು ತೋರಿಸುತ್ತದೆ. ಆಗ ಮ್ಯಾಮೋಗ್ರಾಂ ನೋಡಿ: ನಡುವೆ ಕೊಬ್ಬಿನ ಕಪ್ಪು, ಸುತ್ತ ಮೊಟ್ಟೆಯ ಚಿಪ್ಪಿನಂಥ ತೆಳು ಕ್ಯಾಲ್ಸಿಯಂ ಇದ್ದರೆ ಅದು ಎಣ್ಣೆಯ ಸಿಸ್ಟ್, ಬಯಾಪ್ಸಿ ಬೇಡ. ಪೆಟ್ಟಿನ ಕಥೆ ಮಾತ್ರ ಇದ್ದು ಮ್ಯಾಮೋಗ್ರಾಂ ಒಪ್ಪದಿದ್ದರೆ ಕಥೆಯನ್ನು ನಂಬಿ ಕೂರಬೇಡಿ. ಪೆಟ್ಟು ಬಿದ್ದ ಜಾಗವನ್ನು ಮುಟ್ಟಿ ನೋಡಿಕೊಂಡಾಗಲೇ ಎಷ್ಟೋ ಕ್ಯಾನ್ಸರ್ ಕೈಗೆ ಸಿಗುವುದು.

ಆಪರೇಷನ್ ಕಲೆ ಒಂದು ಅಡ್ಡಕೊಯ್ತದಲ್ಲಿ ಭಯಂಕರ ಗಡ್ಡೆಯಂತೆ ಕಂಡು, ಪ್ರೋಬನ್ನು 90 ಡಿಗ್ರಿ ತಿರುಗಿಸಿದರೆ ಗೆರೆಯಾಗುತ್ತದೆ. ಚರ್ಮದ ಹೊಲಿಗೆ ಗುರುತಿನವರೆಗೂ ಅದನ್ನು ಹಿಂಬಾಲಿಸಬಹುದು. ವರ್ಷ ಕಳೆದಂತೆ ಕುಗ್ಗಬೇಕು. ಬೆಳೆಯುತ್ತಿದ್ದರೆ ಸೂಜಿ ಹಾಕಿ ತುಂಡು ತೆಗೆಯಿರಿ.

ನಮ್ಮ ಕಡೆ ನಿಮಗೆ ಹೆಚ್ಚು ತಲೆನೋವು ಕೊಡುವುದು ಗ್ರಾನುಲೋಮಾಟಸ್ ಮಾಸ್ಟೈಟಿಸ್ ಎಂಬ ಸ್ತನದ ಉರಿಯೂತ. ಹೆರಿಗೆಯಾಗಿ ಕೆಲವು ವರ್ಷಗಳೊಳಗಿನ ಚಿಕ್ಕ ವಯಸ್ಸಿನ ತಾಯಂದಿರು, ಗಟ್ಟಿ ಗಂಟು, ಕಂಕುಳಲ್ಲಿ ಊದಿದ ಗ್ರಂಥಿ. ಕ್ಯಾನ್ಸರ್‌ನ ಚಿತ್ರವೇ ಸರಿ. ಸುಳಿವು ಎಂದರೆ, ಕಪ್ಪು ಗಂಟಿನಿಂದ ಕೊಳವೆಗಳು ಬೆರಳು ಚಾಚಿದಂತೆ ಕೊಬ್ಬಿನೊಳಕ್ಕೆ ಹೊರಟಿರುತ್ತವೆ, ಒತ್ತಿದರೆ ಒಳಗೆ ಕೀವು ಅಲುಗುತ್ತದೆ. ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ: ಬಯಾಪ್ಸಿಯ ತುಂಡುಗಳನ್ನೆಲ್ಲ ಫಾರ್ಮಲಿನ್‌ಗೆ ಹಾಕಿಬಿಡುವುದು. ಫಾರ್ಮಲಿನ್‌ನಲ್ಲಿ ರೋಗಾಣು ಸಾಯುತ್ತದೆ, ಕಲ್ಚರ್ ಬೆಳೆಯದು. ಕೆಲವು ತುಂಡು, ಜೊತೆಗೆ ಕೀವನ್ನು ಸ್ಟೆರೈಲ್ ಸಲೈನ್‌ನಲ್ಲಿ ಕಳಿಸಿ, ಟಿಬಿಗೆ ಜೀನ್ ಎಕ್ಸ್‌ಪರ್ಟ್ ಕೂಡ ಬರೆಯಿರಿ. ಟಿಬಿ ಇದೆಯೋ ಇಲ್ಲವೋ ನೋಡದೆ ಈ ಉರಿಯೂತಕ್ಕೆ ಸ್ಟಿರಾಯ್ಡ್ ಶುರು ಮಾಡಿದರೆ ತೊಂದರೆ ಆ ತಾಯಿಗೆ.

ಬಹುಕಾಲ ಇನ್ಸುಲಿನ್ ತೆಗೆದುಕೊಳ್ಳುವ ಹೆಂಗಸರಲ್ಲಿ ಡಯಾಬಿಟಿಕ್ ಮಾಸ್ಟೋಪತಿ, ಇನ್ನು ಕೆಲವರಲ್ಲಿ ರೇಡಿಯಲ್ ಸ್ಕಾರ್, ಸ್ಕ್ಲೀರೋಸಿಂಗ್ ಅಡಿನೋಸಿಸ್. ನಾರು ತುಂಬಿದ ಈ ಸಾದಾ ಗಂಟುಗಳನ್ನು ಸ್ಕ್ಯಾನಿಂಗ್ ಮಾಡಿ ಕ್ಯಾನ್ಸರ್‌ನಿಂದ ಬೇರ್ಪಡಿಸುವ ಪ್ರಯತ್ನ ಬೇಡ, ಆಗುವುದಿಲ್ಲ. 14 ಗೇಜ್ ಕೋರ್ ಸೂಜಿ ಹಾಕಿ, ಸೂಜಿ ಗಂಟಿನೊಳಗೆ ಹಾದ ಚಿತ್ರ ಉಳಿಸಿಕೊಳ್ಳಿ. "ಸೂಜಿ ಚುಚ್ಚಿದರೆ ಹರಡುತ್ತಂತೆ" ಎಂದು ಹೆದರುವವರಿಗೆ ಎರಡು ನಿಮಿಷ ಕೂತು ಬಿಡಿಸಿ ಹೇಳಿ.

ವರದಿ ಬಂದ ದಿನ ಚಿತ್ರದ ಪಕ್ಕದಲ್ಲಿಟ್ಟು ಓದಿ. ನೀವು 5 ಎಂದು ಬರೆದ ಗಂಟಿಗೆ ಪೆಥಾಲಜಿ ಬರೀ "ಫೈಬ್ರೋಸಿಸ್" ಎಂದರೆ ಹೊಂದಾಣಿಕೆ ಇಲ್ಲ. ಸೂಜಿ ಪಕ್ಕಕ್ಕೆ ಹೋಗಿರಬಹುದು. ಪೆಥಾಲಜಿಸ್ಟ್‌ಗೆ ಫೋನ್ ಮಾಡಿ, ರೋಗಿಯನ್ನು ಮತ್ತೆ ಕರೆಸಿ, ವ್ಯಾಕ್ಯೂಮ್ ಬಯಾಪ್ಸಿ ಅಥವಾ ಸರ್ಜರಿಯಿಂದ ಆ ಗಂಟಿನದೇ ತುಂಡು ತೆಗೆಸಿ.