ಹಾಯಿಕಂಬಕ್ಕೆ ಪೈಪ್ ರೆಂಚ್ ಹಾಕಬೇಡಿ

ನಮಸ್ಕಾರ. ಕೋಲಾರದಲ್ಲಿ ಕುಳಿತು ಹಾಯಿದೋಣಿಯ ಮಾತಾಡುವವನಿಗೆ ತಲೆ ನೆಟ್ಟಗಿದೆಯೇ ಎಂದು ಕೇಳುವವರು ಕೇಳಲಿ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ನಮ್ಮದು. ಆದರೂ ಚೆನ್ನೈ ಕಡೆಯಿಂದ ಹಳೆಯ ದೋಣಿ ಕೊಂಡು ತಂದು, ಮನೆಯ ಹಿಂದಿನ ಶೆಡ್ಡಿನಲ್ಲಿ ರಿಪೇರಿ ಮಾಡಿ, ಮತ್ತೆ ಕಡಲಿಗೇ ಹೊತ್ತೊಯ್ಯುವ ನನ್ನಂಥ ಹುಚ್ಚರು ಇದ್ದೇವೆ. ಅಂಥವರಿಗೆ ಮೊದಲು ಎದುರಾಗುವ ಶತ್ರು ಗಾಳಿಯಲ್ಲ, ಒಂದಕ್ಕೊಂದು ಕಚ್ಚಿಕೊಂಡ ಹಾಯಿಕಂಬದ ಎರಡು ತುಂಡುಗಳು.

ಲೇಸರ್ ದೋಣಿಯನ್ನೇ ತೆಗೆದುಕೊಳ್ಳಿ. 1996ರಿಂದ ಒಲಿಂಪಿಕ್ಸ್‌ನಲ್ಲಿರುವ, ಒಬ್ಬರೇ ನಡೆಸುವ ದೋಣಿ. ಕಾರಿನ ಮೇಲೆ ಕಟ್ಟಿಕೊಂಡು ಹೋಗಲಿ ಎಂದೇ ಅದರ ಕಂಬವನ್ನು ಎರಡು ತುಂಡು ಮಾಡಿದ್ದಾರೆ. ಮೇಲಿನ ಅಲ್ಯೂಮಿನಿಯಂ ಕೊಳವೆ ಕೆಳಗಿನದರ ಒಳಗೆ ಕೂರುತ್ತದೆ, ನಡುವೆ ಪ್ಲಾಸ್ಟಿಕ್ ಪಟ್ಟಿ ಇರುತ್ತದೆ. ಆ ಸಂದಿಗೆ ಉಪ್ಪುನೀರೂ ಮರಳೂ ಇಳಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಕಿಲುಬು ಹಿಡಿಯುತ್ತದೆ. ಆ ಪುಡಿಗೆ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಕು. ಸಂದಿಯಲ್ಲಿ ಜಾಗವಿಲ್ಲ. ಬಿಗಿಯುತ್ತದೆ.

ಆಗ ನಮ್ಮೂರಿನ ಕೈ ಎಲ್ಲಿಗೆ ಹೋಗುತ್ತದೆ? ಸೀದಾ ಕೊಳವೆಬಾವಿಯ ಮೋಟರ್ ಎತ್ತುವವರ ಬಳಿಗೆ. ಸಾವಿರ ಅಡಿ ಆಳದಿಂದ ಜಿಐ ಪೈಪುಗಳನ್ನು ಒಂದೊಂದಾಗಿ ಎತ್ತಿ ಬಿಚ್ಚುವವರು ಅವರು. ಜಾಯಿಂಟು ತುಕ್ಕು ಹಿಡಿದಿದ್ದರೆ ಕಾಯಿಸುತ್ತಾರೆ, ಸುತ್ತಿಗೆಯಿಂದ ಬಡಿಯುತ್ತಾರೆ, ಎರಡು ಪೈಪ್ ರೆಂಚ್ ಹಾಕಿ ತಿರುಗಿಸುತ್ತಾರೆ. ಅವರ ಕೈಚಳಕದ ಬಗ್ಗೆ ನನಗೆ ಗೌರವವಿದೆ. ಆದರೂ ಹೇಳುತ್ತೇನೆ, ಅವರನ್ನು ನಿಮ್ಮ ಕಂಬದ ಹತ್ತಿರಕ್ಕೂ ಬಿಡಬೇಡಿ. ಜಿಐ ಪೈಪು ದಪ್ಪ ಕಬ್ಬಿಣ, ಅದಕ್ಕೆ ತಿರುಪಿನ ಮರೆ ಇದೆ. ಇದು ತೆಳ್ಳನೆಯ ಕೊಳವೆ, ಮರೆಯಿಲ್ಲದೆ ಸುಮ್ಮನೆ ಒಳಗೆ ಕೂತದ್ದು. ರೆಂಚಿನ ಹಲ್ಲು ಕಚ್ಚಿದರೆ ಕೊಳವೆ ದುಂಡಗೆ ಉಳಿಯುವುದಿಲ್ಲ; ಮೊಟ್ಟೆಯಾಕಾರಕ್ಕೆ ತಿರುಗಿದ ಹೊರಕೊಳವೆ ಒಳಗಿನದನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿಯುತ್ತದೆ. ಗ್ಯಾಸ್ ಬೆಂಕಿಯಿಂದ ಕಾಯಿಸಿದರೆ ಪ್ಲಾಸ್ಟಿಕ್ ಕರಗುತ್ತದೆ, ಲೋಹದ ಗಡಸುತನವೂ ಹೋಗುತ್ತದೆ. ಮುಂದೆ ಒಳ್ಳೆಯ ಗಾಳಿ ಬೀಸಿದ ದಿನ ಕಂಬ ಬಾಗುವುದು ಅಲ್ಲಿಯೇ. ಇನ್ನು ಒಂದು ತುದಿಯನ್ನು ಬೇವಿನ ಮರಕ್ಕೂ ಇನ್ನೊಂದನ್ನು ಟ್ರ್ಯಾಕ್ಟರಿಗೂ ಕಟ್ಟೋಣ ಎನ್ನುವ ಮಹಾಶಯರಿಗೆ ಒಂದು ಲೋಟ ಕಾಫಿ ಕೊಟ್ಟು ಕಳಿಸಿಬಿಡಿ.

ಬೇಕಾದದ್ದು ಬಿಸಿನೀರು. ಆದರೆ ಎರಡೂ ಅಲ್ಯೂಮಿನಿಯಂ. ಎರಡನ್ನೂ ಒಟ್ಟಿಗೆ ಕಾಯಿಸಿದರೆ ಎರಡೂ ಒಟ್ಟಿಗೆ ಹಿಗ್ಗುತ್ತವೆ, ಲಾಭ ಸೊನ್ನೆ. 60 ಮಿಲಿಮೀಟರ್ ವ್ಯಾಸದ ಹೊರಕೊಳವೆ ಮಾತ್ರ 60 ಡಿಗ್ರಿ ಹೆಚ್ಚು ಬಿಸಿಯಾದರೆ ಸಿಗುವ ಸಡಿಲ ಸುಮಾರು 0.08 ಮಿಲಿಮೀಟರ್. ಅಷ್ಟೇ. ಅದು ಸಾಕು, ಆದರೆ ಬಿಸಿ ಒಳಕ್ಕೆ ಇಳಿಯುವ ಮೊದಲೇ ತಿರುಗಿಸಬೇಕು. ಹಿಂದಿನ ರಾತ್ರಿ ಕಂಬವನ್ನು ನೆಟ್ಟಗೆ ನಿಲ್ಲಿಸಿ, ಸಂದಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಬೆಳಿಗ್ಗೆ ಜೋಡಣೆಯ ಸುತ್ತ ಐಸ್ ಕಟ್ಟಿ ತಣ್ಣಗಾಗಿಸಿ. ಆಮೇಲೆ ಐಸ್ ಬಿಚ್ಚಿ, ಹೊರಗಿನದರ ಮೇಲೆ ಕುದಿಯುವ ನೀರು ಸುರಿದ ತಕ್ಷಣ ಇಬ್ಬರು ಎದುರುಬದುರು ತಿರುಗಿಸಿ. ಎಳೆಯಬೇಡಿ, ಒಂದಿಷ್ಟು ಅತ್ತ, ಒಂದಿಷ್ಟು ಇತ್ತ. ಹಿಡಿತಕ್ಕೆ ಹಳೆಯ ಸೈಕಲ್ ಟ್ಯೂಬ್ ಸುತ್ತಿ, ಅರ್ಧಚಂದ್ರ ಕೊರೆದ ಮರದ ಹಲಗೆಗಳನ್ನು ಬೋಲ್ಟಿನಿಂದ ಬಿಗಿಯಿರಿ. ಹಾಯಿಯ ಕೆಳಗಿನ ಅಡ್ಡಕಂಬ ಸಿಕ್ಕಿಸುವ ಕೊಂಡಿ ಹಿಡಿಯಲು ಹೇಳಿ ಮಾಡಿಸಿದಂತೆ ಕಾಣುತ್ತದೆ, ಮುಟ್ಟಬೇಡಿ. ಅದನ್ನು ಹಿಡಿದಿರುವುದು ರಿವೆಟ್, ಕಿತ್ತುಬರುತ್ತದೆ. ಮೊದಲ ಸಲಕ್ಕೆ ಬಾರದಿದ್ದರೆ ಮತ್ತೆ ಎಣ್ಣೆ, ಮತ್ತೆ ಐಸ್, ಮತ್ತೆ ನೀರು. ಕಾಸ್ಟಿಕ್ ಸೋಡಾ ಮಾತ್ರ ಬೇಡ, ಅದು ಕಿಲುಬಿನ ಜೊತೆ ಕಂಬವನ್ನೂ ತಿನ್ನುತ್ತದೆ.

ಬಿಚ್ಚಿದ ಮೇಲೆ ಪಾತ್ರೆ ಉಜ್ಜುವ ಹಸಿರು ನಾರಿನಿಂದ ಪುಡಿ ತೆಗೆದು, ಸಿಹಿನೀರಿನಲ್ಲಿ ತೊಳೆದು ಒಣಗಿಸಿ. ಗ್ರೀಸ್ ಬಳಿಯುವ ಚಟ ನಮ್ಮವರಿಗೆ ವಿಪರೀತ. ಇಲ್ಲಿ ಅದು ಮರಳನ್ನು ಹಿಡಿದಿಡುತ್ತದೆ.

ನನ್ನ ನಿಜವಾದ ಸಿಟ್ಟು ಮಾರುವವರ ಮೇಲೆ. ಪ್ರತಿ ಸಲ ದೋಣಿ ದಡಕ್ಕೆ ಬಂದಾಗ ಎರಡು ತುಂಡುಗಳನ್ನು ಬೇರೆ ಮಾಡಿಟ್ಟಿದ್ದರೆ ಈ ರಾಮಾಯಣವೇ ಇರುತ್ತಿರಲಿಲ್ಲ. ಅದಕ್ಕೆ ಹಣ ಎಣಿಸುವ ಮೊದಲು ನಿಮ್ಮ ಕಣ್ಣೆದುರೇ ಕಂಬ ಬಿಚ್ಚಿಸಿ. “ಸ್ವಲ್ಪ ಬಿಗಿ ಇದೆ ಸಾರ್, ಎಣ್ಣೆ ಹಾಕಿದರೆ ಬರುತ್ತದೆ” ಎಂದರೆ, ಹೊಸ ಕಂಬದ ಬೆಲೆಯನ್ನು ಕಳೆದು ಉಳಿದದ್ದನ್ನು ಕೊಡಿ.