ತಾತನ ವಾಚಿಗೆ ಕೊಬ್ಬರಿ ಎಣ್ಣೆ ಹಾಕಿದ್ರೆ ಏನಾಗುತ್ತೆ?

[ಶಾಟ್: ಮೇಜಿನ ಮೇಲೆ ಹಳೆಯ ಎಚ್‌ಎಂಟಿ ಜನತಾ, ಹಿಂದಿನ ಮುಚ್ಚಳ ಬಿಚ್ಚಿದೆ]

ನಮಸ್ಕಾರ. ಹೋದ ವಿಡಿಯೋ ನೋಡಿದವರೊಬ್ಬರು ಕೇಳಿದ್ದರು: "ಸಾರ್, ನಮ್ಮ ತಾತನ ಜನತಾ ವಾಚ್ ನಿಂತುಹೋಗಿದೆ. ಒಂದು ಹನಿ ಕೊಬ್ಬರಿ ಎಣ್ಣೆ ಬಿಡ್ಲಾ?"

ಓದಿ ನಕ್ಕೆ. ಆಮೇಲೆ ನನ್ನದೇ ಹಳೇ ಕಥೆ ನೆನಪಾಗಿ ನಗು ನಿಂತಿತು.

ಕಾಲೇಜಿನಲ್ಲಿದ್ದಾಗ ನಾನು ಇಂಥದ್ದೇ ವಾಚಿಗೆ ಹೊಲಿಗೆ ಮಷಿನ್ ಎಣ್ಣೆ ಬಿಟ್ಟಿದ್ದೆ. ಎರಡು ದಿನ ಕುದುರೆ ಹಾಗೆ ಓಡಿತು. ಮೂರನೇ ದಿನ ಗಂಟೆಗೆ ಹತ್ತು ನಿಮಿಷ ಮುಂದೆ! ವಾಚ್ ಹುಷಾರಾಯ್ತು ಅಂದುಕೊಂಡಿದ್ದೆ, ಅದಕ್ಕೆ ಜ್ವರ ಬಂದಿತ್ತು. ಎಣ್ಣೆ ಹರಿದುಹೋಗಿ, ವಾಚಿನ ವೇಗ ಹಿಡಿದಿಡುವ ಕೂದಲೆಳೆಯಂಥ ಹೇರ್‌ಸ್ಪ್ರಿಂಗ್ ಸುರುಳಿಗಳನ್ನು ಒಂದಕ್ಕೊಂದು ಅಂಟಿಸಿಬಿಟ್ಟಿತ್ತು. ಅಂಟಿಕೊಂಡ ಸ್ಪ್ರಿಂಗ್ ಗಿಡ್ಡ ಆದ ಹಾಗೆ. ಗಿಡ್ಡ ಸ್ಪ್ರಿಂಗ್ ಅಂದ್ರೆ ಓಟ ಜಾಸ್ತಿ.

ಹಾಗಾದ್ರೆ ವಾಚಿನ ಎಣ್ಣೆಯಲ್ಲಿ ಏನಿದೆ ವಿಶೇಷ?

[ಗ್ರಾಫಿಕ್: ಒಳಗಿನ ಚಕ್ರಗಳು]

ಬೇಸಿಕ್ಸ್ ಮೂವತ್ತು ಸೆಕೆಂಡಿನಲ್ಲಿ ಮುಗಿಸ್ತೀನಿ. ಕೀ ಕೊಟ್ಟಾಗ ಮೈನ್‌ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಅದು ನಿಧಾನಕ್ಕೆ ಬಿಚ್ಚಿಕೊಳ್ಳುವಾಗ ಚಕ್ರಗಳು ತಿರುಗುತ್ತವೆ. ಕೊನೆಯಲ್ಲಿ ಬ್ಯಾಲೆನ್ಸ್ ಚಕ್ರ ಆಚೀಚೆ ಆಡುತ್ತದೆ. ಜನತಾದಲ್ಲಿ ಗಂಟೆಗೆ 18,000 ಟಿಕ್. ದಿನಕ್ಕೆ 4,32,000. ಚಕ್ರಗಳ ಅಚ್ಚಿನ ತುದಿಗಳು ಮಾಣಿಕ್ಯದ ಕಲ್ಲಿನ ತೂತಿನಲ್ಲಿ ಕೂತಿರುತ್ತವೆ. "17 ಜ್ಯುವೆಲ್ಸ್" ಅಂತಾರಲ್ಲ, ಅದರಲ್ಲಿ ಜಾಸ್ತಿ ಕಲ್ಲುಗಳು ಈ ಕೆಲಸಕ್ಕೇ. ಫ್ಯಾಕ್ಟರಿಯಲ್ಲಿ ಮಾಡಿದ ಮಾಣಿಕ್ಯ, ಕಿತ್ತು ಮಾರೋಕೆ ಹೋಗಬೇಡಿ.

[ಕ್ಲೋಸಪ್: ಲೂಪ್ ಮೂಲಕ ಒಂದು ಕಲ್ಲು]

ಈಗ ಇದನ್ನು ನೋಡಿ. ಕಲ್ಲಿನ ಮೇಲ್ಗಡೆ ಪುಟ್ಟ ಬಟ್ಟಲಿನಂಥ ತಗ್ಗಿದೆ. ನಡುವೆ ತೂತು. ತೂತಿನಲ್ಲಿ ಅಚ್ಚಿನ ತುದಿ. ಸೂಜಿಯಂಥ ಆಯಿಲರ್‌ನಿಂದ ಎಣ್ಣೆ ಮುಟ್ಟಿಸಿದ ತಕ್ಷಣ ಅದು ನಡುವಿಗೆ ಓಡಿ, ಅಚ್ಚಿನ ಸುತ್ತ ಉಂಗುರದ ಹಾಗೆ ಕೂರುತ್ತದೆ. ಬಟ್ಟಲಿನ ಅರ್ಧ ತುಂಬಿದರೆ ಸರಿ, ಹೆಚ್ಚೆಂದರೆ ಮುಕ್ಕಾಲಿಗೆ ಕಡಿಮೆ. ಅಂಚು ಮುಟ್ಟಿತೋ, ಕೆಲಸ ಕೆಟ್ಟಿತು. ಹೊರಗಿನ ಮೇಲ್ಮೈ ಎಳೆದು, ಎಳೆದು, ಬಟ್ಟಲನ್ನೇ ಖಾಲಿ ಮಾಡುತ್ತದೆ. ಎಣ್ಣೆ ಜಾಸ್ತಿ ಹಾಕಿದ ವಾಚು ಎಣ್ಣೆಯೇ ಇಲ್ಲದೆ ಸವೆಯುವುದು ಹೀಗೆ!

ನುಣ್ಣಗೆ ಜಾರಿಸೋ ಎಣ್ಣೆ ಅಡುಗೆಮನೆಯಲ್ಲೇ ಬೇಕಾದಷ್ಟಿದೆ. ಇಟ್ಟ ಕಡೆ ವರ್ಷಗಟ್ಟಲೆ ಕೂರೋ ಎಣ್ಣೆ ಸಿಗೋದೇ ಕಷ್ಟ. ಹೊಲಿಗೆ ಮಷಿನ್ ಎಣ್ಣೆ ಕೂರಲ್ಲ. ಕೊಬ್ಬರಿ ಎಣ್ಣೆಯಂತೂ 24 ಡಿಗ್ರಿ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ. ಡಿಸೆಂಬರ್‌ನಲ್ಲಿ ಬಾಟಲಿ ಬಿಸಿಲಿಗಿಡ್ತೀವಲ್ವಾ? ವಾಚ್ ಕಟ್ಟಿದ ಕೈಯನ್ನೂ ಇಡಬೇಕಾಗುತ್ತದೆ.

ಹಿಂದಿನವರು ಏನು ಮಾಡುತ್ತಿದ್ದರು? ಇದು ನನ್ನ ಇಷ್ಟದ ಭಾಗ, ಸ್ವಲ್ಪ ಸಹಿಸಿಕೊಳ್ಳಿ.

[ಚಿತ್ರ: ಡಾಲ್ಫಿನ್ ತಲೆ, ಕೆಳದವಡೆಗೆ ಬಣ್ಣ]

ಡಾಲ್ಫಿನ್ ದವಡೆ! ನಿಜವಾಗಿ. ಅಮೆರಿಕದ ಮ್ಯಾಸಚೂಸೆಟ್ಸ್‌ನ ನ್ಯೂ ಬೆಡ್‌ಫರ್ಡ್ ತಿಮಿಂಗಿಲ ಬೇಟೆಗೆ ಹೆಸರಾದ ಬಂದರು. ಅಲ್ಲಿ ವಿಲಿಯಂ ನೈ ಎಂಬಾತ 19ನೇ ಶತಮಾನದಲ್ಲಿ ಶುರು ಮಾಡಿದ ಎಣ್ಣೆ ವ್ಯಾಪಾರ ಮುಂದೆ ವಾಚಿನ ಎಣ್ಣೆಗೆ ಹೆಸರುವಾಸಿಯಾಯಿತು. ಡಾಲ್ಫಿನ್ ಜಾತಿಯ ಪ್ರಾಣಿಗಳ ದವಡೆ ಮತ್ತು ಹಣೆಯ ಕೊಬ್ಬು ತೆಗೆದು, ಚಳಿಗಾಲದ ಕೊರೆಯುವ ಥಂಡಿಯಲ್ಲಿಟ್ಟು, ಹೆಪ್ಪುಗಟ್ಟಿದ್ದನ್ನು ಸೋಸಿ ಬಿಟ್ಟು, ಇನ್ನೂ ತೆಳ್ಳಗೇ ಉಳಿದದ್ದನ್ನು ಬಾಟಲಿಗೆ ತುಂಬುತ್ತಿದ್ದರು.

ದವಡೆಯೇ ಯಾಕೆ? ಡಾಲ್ಫಿನ್ ಕೇಳಿಸಿಕೊಳ್ಳೋದು ದವಡೆಯಿಂದ. ನೀರಿನ ಸದ್ದು ಕೆಳದವಡೆಯ ಕೊಬ್ಬಿನ ಮೂಲಕ ಒಳಕಿವಿಗೆ ಹೋಗುತ್ತದೆ. ಈ ಕೊಬ್ಬು ಮೈಯ ಬೇರೆ ಕೊಬ್ಬಿನ ಥರ ಅಲ್ಲ. ಹೊಟ್ಟೆಗಿಲ್ಲದೆ ಸೊರಗಿದಾಗಲೂ ಡಾಲ್ಫಿನ್ ಇದನ್ನು ಕರಗಿಸಿಕೊಳ್ಳುವುದಿಲ್ಲ. ಅದರ ಕಿವಿಯನ್ನು ಹಿಂಡಿ ನಾವು ಟೈಮ್ ನೋಡುತ್ತಿದ್ದೆವು. ನನಗಂತೂ ಇದು ತಿಳಿದ ದಿನ ಊಟ ಸೇರಲಿಲ್ಲ. 1972ರಲ್ಲಿ ಅಮೆರಿಕ ಕಡಲ ಸಸ್ತನಿಗಳ ರಕ್ಷಣೆಗೆ ಕಾನೂನು ತಂದು ಈ ಬಾಗಿಲು ಮುಚ್ಚಿತು. ಈಗ ಎಲ್ಲಾ ಸಿಂಥೆಟಿಕ್.

[ಶಾಟ್: ಪುಟ್ಟ ಎಣ್ಣೆ ಬಾಟಲಿಗಳು]

ಎಡಿಟರ್ ಆಗಲೇ ಗಡಿಯಾರ ತೋರಿಸ್ತಿದ್ದಾನೆ. ಅವನ ಕೈಯಲ್ಲಿರೋದು ಬ್ಯಾಟರಿ ವಾಚು, ಪಾಪ.

ಯಾವ ಎಣ್ಣೆ ಎಲ್ಲಿಗೆ? ಎತ್ತಿನಗಾಡಿಯ ಅಚ್ಚಿಗೆ ಹರಳೆಣ್ಣೆ ಹಾಕುತ್ತಿದ್ದರು, ನೆನಪಿದೆಯಾ? ಭಾರ ಜಾಸ್ತಿ, ಓಟ ನಿಧಾನ, ಅದಕ್ಕೆ ಮಂದ ಎಣ್ಣೆ. ವಾಚಿನಲ್ಲೂ ಅದೇ ಲೆಕ್ಕ. ಗಂಟೆಗೆ ಒಂದೇ ಸುತ್ತು ಹಾಕುವ ನಡುಚಕ್ರಕ್ಕೆ ಮಂದ ಎಣ್ಣೆ, ಸ್ವಿಸ್ ಎಣ್ಣೆ ಕಂಪನಿ ಮೋಬಿಯಸ್‌ನಲ್ಲಾದರೆ ಡಿ5 ಅನ್ನೋ ನಂಬರಿನದು. ಸೆಕೆಂಡಿಗೆ ಐದು ಸಲ ಹೊರಳುವ ಬ್ಯಾಲೆನ್ಸ್‌ಗೆ ತೆಳು ಎಣ್ಣೆ, 9010. ಅಲ್ಲಿಗೆ ಮಂದ ಎಣ್ಣೆ ಹಾಕಿದರೆ ಬ್ಯಾಲೆನ್ಸ್ ಕೆಸರಿನಲ್ಲಿ ನಡೆದ ಹಾಗೆ ಏದುಸಿರು ಬಿಡುತ್ತದೆ.

ಚಕ್ರವನ್ನು ಟಿಕ್ ಟಿಕ್ ಅಂತ ತಡೆದು ಬಿಡುವ ಪುಟ್ಟ ಕವಲಿಗೆ ಪ್ಯಾಲೆಟ್ ಫೋರ್ಕ್ ಅಂತಾರೆ. ಅದರ ತುದಿಯ ಪ್ಯಾಲೆಟ್ ಕಲ್ಲುಗಳಿಗೆ 9415. ಇದು ಗ್ರೀಸು, ಆದರೆ ಗಟ್ಟಿಮೊಸರಿನ ಸ್ವಭಾವ. ಚಕ್ರದ ಹಲ್ಲು ಬಂದು ಬಡಿದಾಗ ನೀರಾಗುತ್ತದೆ, ಮರುಕ್ಷಣ ಮತ್ತೆ ಗಟ್ಟಿ. ಮೊಸರಿಗೆ ಆ ವಿದ್ಯೆ ಬರಲ್ಲ ಬಿಡಿ.

ಉಳಿದದ್ದು ಫಟಾಫಟ್. ಉಳಿದ ಚಕ್ರಗಳ ಹಲ್ಲುಗಳಿಗೆ ಎಣ್ಣೆ ಬೇಡವೇ ಬೇಡ. ಪ್ಯಾಲೆಟ್ ಫೋರ್ಕಿನ ಅಚ್ಚನ್ನು ಸಾಮಾನ್ಯವಾಗಿ ಒಣಗಿದ್ದ ಹಾಗೇ ಬಿಡುತ್ತಾರೆ. ಕೀ ಭಾಗಕ್ಕೆ, ಉಕ್ಕಿಗೆ ಉಕ್ಕು ಉಜ್ಜುವ ಕಡೆ, ಗ್ರೀಸು. ಎಪಿಲೇಮ್ ಅನ್ನೋ ಲೇಪನವೂ ಇದೆ. ಅದನ್ನು ಬಳಿದರೆ ಎಣ್ಣೆ ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಹನಿಯಾಗಿ ನಿಲ್ಲುತ್ತದೆ. ಎಣ್ಣೆಯ ಗೋಜೇ ಬೇಡ ಅಂದವರೂ ಇದ್ದಾರೆ. 18ನೇ ಶತಮಾನದಲ್ಲೇ ಇಂಗ್ಲೆಂಡಿನ ಜಾನ್ ಹ್ಯಾರಿಸನ್ ಲಿಗ್ನಮ್ ವಿಟೆ ಎಂಬ ಜಿಡ್ಡಿನ ಮರ ಬಳಸಿ ಎಣ್ಣೆ ಬೇಡದ ದೊಡ್ಡ ಗಡಿಯಾರ ಕಟ್ಟಿದ್ದ. ಅದಕ್ಕೆ ಬೇರೆ ವಿಡಿಯೋನೇ ಬೇಕು.

[ಶಾಟ್: ಮತ್ತೆ ಜನತಾ]

ಇನ್ನು ನಿಮ್ಮ ತಾತನ ವಾಚು. ಹಳೇ ಎಣ್ಣೆ ಅಂಟಾಗಿ ಧೂಳು ಹಿಡಿದಿದ್ದರೆ, ಅದರ ಮೇಲೆ ಹೊಸ ಎಣ್ಣೆ ಹಾಕಿದರೆ ಧೂಳನ್ನು ಅರೆದು ಉಜ್ಜಿದ ಹಾಗೆ. ರಿಪೇರಿ ಅಂಗಡಿಗೆ ಹೋಗಿ ಒಂದೇ ಮಾತು ಕೇಳಿ: "ಪೂರ್ತಿ ಬಿಚ್ಚಿ ತೊಳೀತೀರಾ ಅಣ್ಣಾ?" "ಹೂಂ, ನಾಲ್ಕು ದಿನ ಬಿಟ್ಟು ಬನ್ನಿ" ಅಂದರೆ ಕೊಟ್ಟು ಬನ್ನಿ. "ಅಷ್ಟೆಲ್ಲಾ ಯಾಕೆ, ಒಂದು ಹನಿ ಬಿಡ್ತೀನಿ, ಐದೇ ನಿಮಿಷ" ಅಂದರೆ ವಾಚ್ ಜೇಬಿಗೆ ಹಾಕಿಕೊಂಡು ಪಕ್ಕದಲ್ಲಿ ಕಾಫಿ ಕುಡಿದು ಮನೆಗೆ ಹೋಗಿ.